ನಾನು ಬಿಚ್ಚಿದ ಎರಡು ಸುತ್ತು

ನಾನು ಚಿಕ್ಕವಳಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಬಾರದೆ ಇದ್ದ ವಯಸ್ಸಿನಲ್ಲಿ, ನನಗೆ ಸೂಜಿಗೆ ದಾರ ಪೋಣಿಸಲಿಕ್ಕೂ ಬರುತ್ತಿರಲಿಲ್ಲ. ನಿನಗೆ ಹೊಲಿಗೆ ಯಾರು ಕಲಿಸಿದರು ಅಜ್ಜಿ ಎಂದು ನೀವಿಬ್ಬರು ಹುಡುಗಿಯರು ಹೋದ ವಾರ ಕೇಳಿದಿರಿ. ನಾನು ‘ಅಕ್ಕ’ ಎಂದಷ್ಟೇ ಹೇಳಿದೆ. ಅದು ಖರೇ, ಆದರೆ ಪೂರ್ತಿ ಖರೇ ಅಲ್ಲ. ಪೂರ್ತಿ ಹೇಳಬೇಕೆಂದರೆ ಒಂದು ದಿನದ ಸಂಗತಿ ಹೇಳಬೇಕು. ಇಷ್ಟು ವರ್ಷ ಅದನ್ನು ಹೇಳುವ ಹಾಗಿರಲಿಲ್ಲ. ಈಗ ಹೇಳಿದರೆ ನೋಯುವವರು ಯಾರೂ ಉಳಿದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮ ಮನೆ ಧಾರವಾಡದ ಹೊಸಯಲ್ಲಾಪುರದಲ್ಲಿತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನಡುಮನೆಗೆ ಒಂದೇ ಬೆಳಕಿಂಡಿ. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಆಯಿ, ಹನ್ನೆರಡು ವರ್ಷದ ಅಕ್ಕ, ಏಳು ವರ್ಷದ ನಾನು, ಮತ್ತು ಮೂರು ತಿಂಗಳ ಕೂಸು. ಅವ್ವ ಇರಲಿಲ್ಲ. ಕೂಸನ್ನು ಹೆತ್ತ ಐದನೆಯ ದಿನ ಜ್ವರ ಬಂದು, ಎಂಟನೆಯ ದಿನ ಹೋಗಿಬಿಟ್ಟಳು. ಅಪ್ಪ ಪೇಟೆಯ ಹತ್ತಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಸಂಜೆ ಮನೆಗೆ ಬಂದರೆ ಅವನ ಮೀಸೆ, ಹುಬ್ಬುಗಳ ಮೇಲೆಲ್ಲ ಅರಳೆಯ ಎಳೆಗಳಿರುತ್ತಿದ್ದವು. ಮೊದಲು ಅವನ್ನು ಅವ್ವ ಸೆರಗಿನಿಂದ ಒರೆಸುತ್ತಿದ್ದಳು. ಅವ್ವ ಹೋದ ಮೇಲೆ ಅಪ್ಪ ಹಾಗೆಯೇ ಊಟಕ್ಕೆ ಕೂಡುತ್ತಿದ್ದ.

ಕೂಸು ಬದುಕಿದ್ದು ಚಾಚಿಯಿಂದ. ನಮ್ಮ ಹಿಂದಿನ ಓಣಿಯಲ್ಲಿ ದರ್ಜಿ ಕೆಲಸ ಮಾಡುವ ಮುಸಲ್ಮಾನರ ಮನೆಯೊಂದಿತ್ತು. ಆ ಮನೆಯ ಚಾಚಿಗೂ ಆಗ ಹಾಲು ಕುಡಿಯುವ ಮಗನಿದ್ದ. ಅವ್ವ ಹೋದ ದಿನ ಆಕೆ ಬಂದವಳೇ ಯಾರನ್ನೂ ಕೇಳದೆ ಅಳುವ ಕೂಸನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ಪೂಜೆಯಾಗದೆ ನೀರು ಸಹ ಮುಟ್ಟದ, ಒಲೆಯ ಹತ್ತಿರ ಹೊರಗಿನವರನ್ನು ಬಿಡದ ನಮ್ಮ ಆಯಿ ಅಂದು ಅಡ್ಡ ಬರಲಿಲ್ಲ. ಆಮೇಲೆ ವಿಭೂತಿ ಹಚ್ಚಿಕೊಳ್ಳುತ್ತ, “ಶಿವ ಯಾವ ಬಾಗಲದಿಂದ ಬರತಾನೋ ಯಾರಿಗೆ ಗೊತ್ತು” ಎಂದಳು. ಅಂದಿನಿಂದ ಚಾಚಿ ದಿನಕ್ಕೆ ನಾಲ್ಕು ಸಲ ಬಂದು ಹಾಲು ಕುಡಿಸಿ ಹೋಗುತ್ತಿದ್ದಳು.

ಆದರೆ ಎಷ್ಟು ದಿನ ಹಾಗೆ ನಡೆದೀತು? ಆಯಿಯ ಕಣ್ಣಿಗೆ ಪೊರೆ ಬಂದು ಹಗಲೂ ಮಬ್ಬಾಗಿ ಕಾಣುತ್ತಿತ್ತು. ಅಕ್ಕನ ಮದುವೆ ಬೇಸಿಗೆಗೆ ಗೊತ್ತಾಗಿತ್ತು. ಅವ್ವನ ತಂಗಿ, ನಮ್ಮ ಚಿಗವ್ವ, ಉಪ್ಪಿನಬೆಟಗೇರಿಯಲ್ಲಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಆಕೆಗೆ ಮಕ್ಕಳಿರಲಿಲ್ಲ. ಕೂಸನ್ನು ನಾನು ಸಾಕುತ್ತೇನೆ ಎಂದು ಆಕೆ ಹೇಳಿಕಳಿಸಿದಳು. ಅಪ್ಪ ಮೂರು ದಿನ ಉತ್ತರ ಕೊಡದೆ ಕುಳಿತು, ನಾಲ್ಕನೆಯ ದಿನ ಹೂಂ ಅಂದ.

ಚಿಗವ್ವ ಮತ್ತು ಆಕೆಯ ಗಂಡ ಕಾಕಾ ಚಕ್ಕಡಿ ಕಟ್ಟಿಕೊಂಡು ಬಂದದ್ದು ಒಂದು ಭಾನುವಾರ. ಸೋಮವಾರ ಮಧ್ಯಾಹ್ನ ಹೊರಡುವುದೆಂದು ಮಾತಾಯಿತು. ಮಂಗಳವಾರ ಹೆಣ್ಣುಕೂಸನ್ನು ಮನೆಯಿಂದ ಕಳಿಸುವುದಿಲ್ಲ. ಬುಧವಾರದಿಂದ ಕಾಕಾನ ಹೊಲದಲ್ಲಿ ಜೋಳದ ರಾಶಿ. ಸೋಮವಾರ ತಪ್ಪಿದರೆ ರಾಶಿ ಮುಗಿಯುವವರೆಗೆ, ಅಂದರೆ ಹದಿನೈದು ದಿನ, ಕೂಸು ನಮ್ಮಲ್ಲೇ. ಇದೆಲ್ಲವನ್ನೂ ನಾನು ಕಣಜದ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದೆ.

ಆಯಿ ಇನ್ನೊಂದು ಮಾತನ್ನೂ ಹೇಳಿದ್ದಳು. ಕೂಸು ಬರಿಗೈಯಲ್ಲಿ ಹೋಗಬಾರದು, ಅವ್ವನ ಸೀರೆಯಿಂದ ಹೊಲಿದ ಕೌದಿ ಜೊತೆಗೆ ಹೋಗಬೇಕು. ಅರ್ಧ ಹೊಲಿದ ಕೌದಿಯನ್ನು ಮಾತ್ರ ಹೊಸ್ತಿಲು ದಾಟಿಸಬಾರದು.

ಕೌದಿ ಎಂದರೆ ನಿಮಗೆ ಗೊತ್ತಿರಲಾರದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ಅರಿವೆಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಒಳಗೊಳಗೆ ಸುತ್ತು ಹಾಕುತ್ತ ಹೊಲಿಯುವ ಹೊದಿಕೆ. ಸುತ್ತು ಚಿಕ್ಕದಾಗುತ್ತ ಆಗುತ್ತ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದಕ್ಕೆ ನಾವು ಕೌದಿಯ ಹೊಟ್ಟೆ ಎನ್ನುತ್ತಿದ್ದೆವು. ಆ ಹೊಟ್ಟೆಯೊಳಗೆ ಒಣ ರೊಟ್ಟಿಯ ಚೂರು, ನಾಲ್ಕು ಜೋಳದ ಕಾಳು ಇಟ್ಟು ಮುಚ್ಚಿ ಹೊಲಿಯಬೇಕು. ಹೊಟ್ಟೆ ಖಾಲಿ ಇದ್ದ ಕೌದಿ ಹೊದ್ದವರನ್ನು ಹಸಿವಿನಲ್ಲಿಡುತ್ತದೆ ಎಂದು ನಮ್ಮವರ ನಂಬಿಕೆ.

ಸೋಮವಾರ ಬೆಳಿಗ್ಗೆ ಚಳಿ ಇತ್ತು. ಸಗಣಿ ಸಾರಿಸಿದ ನೆಲ ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಅಕ್ಕ ಬೆಳಕಿಂಡಿಯ ಬಿಸಿಲು ಬೀಳುವ ಕಡೆ ಕುಳಿತು ಹೊಲಿಯುತ್ತಿದ್ದಳು. ಕೌದಿ ತೊಟ್ಟಿಲಿನಷ್ಟೇ ದೊಡ್ಡದು. ಅವ್ವನ ಹಸಿರು ಸೀರೆ ಕೆಳಗೆ, ಕೆಂಪು ಅಂಚಿನ ಇಳಕಲ್ ಸೀರೆ ಮೇಲೆ. ಕತ್ತರಿಸಿದ ಮೇಲೂ ಅವುಗಳಲ್ಲಿ ಅವ್ವನ ವಾಸನೆ ಇತ್ತು. ಸೀಗೆಕಾಯಿ, ಒಲೆಯ ಹೊಗೆ, ಮತ್ತೆ ಅದೇನೋ ಒಂದು, ಅದಕ್ಕೆ ನನಗೆ ಇವತ್ತಿಗೂ ಹೆಸರು ಸಿಕ್ಕಿಲ್ಲ. ನಾನು ಕೌದಿಯ ಇನ್ನೊಂದು ತುದಿಯಲ್ಲಿ ಮುಖ ಹುಗಿಸಿ ಮಲಗಿದ್ದೆ.

ಚಾಚಿ ಬಂದಳು. ಬರುವಾಗ ಗಂಡನ ಅಂಗಡಿಯಿಂದ ಒಂದು ಮುಷ್ಟಿ ಮಖಮಲ್ಲಿನ ಚಿಂದಿ ತಂದು ಅಕ್ಕನ ಮುಂದೆ ಸುರಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಕಡೆ ನೋಡಿದಳು.

“ಏನವಾ ಬೊಚ್ಚುಬಾಯಿ, ಹಲ್ಲ ಎಲ್ಲಿ ಕಳಕೊಂಡಿ? ಹುಡುಕಾಕತ್ತೀ ಏನ ಕೌದ್ಯಾಗ?”

ನಾನು ಮುಖವನ್ನು ಇನ್ನೂ ಒಳಗೆ ಹುಗಿಸಿದೆ.

“ಆಕಿ ಎರಡ ದಿನ ಆತ್ರಿ, ಯಾರ ಜೋಡೀನೂ ಮಾತಾಡವಲ್ಲಳು,” ಎಂದಳು ಅಕ್ಕ.

“ಬಿಡು, ಹಲ್ಲಿನ ಸಂದ್ಯಾಗಿಂದ ಮಾತು ಸೋರಿ ಹೋಗ್ಯಾವು,” ಎಂದು ಚಾಚಿ ನಕ್ಕಳು. ನಗುತ್ತಲೇ ತಲೆ ಬಾಗಿಸಿ ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡಳು. ಬಹಳ ಹೊತ್ತು ಆ ಸೆರಗನ್ನು ತೆಗೆಯಲೇ ಇಲ್ಲ.

ಅಂಗಳದಲ್ಲಿ ಕಾಕಾ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಗಳಿಗೆಗೊಮ್ಮೆ ಬಾಗಿಲಿಗೆ ಬಂದು, “ಎಷ್ಟಕ ಬಂತ್ರಿ ಕೌದಿ? ಹೊತ್ತ ಮುಳಗೂದ್ರಾಗ ಊರ ಮುಟ್ಟಬೇಕ ನೋಡ್ರಿ,” ಎನ್ನುತ್ತಿದ್ದ. ಒಳಗೆ ಚಿಗವ್ವ ಆಯಿಯ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅಂದು ಅಂಗಡಿಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ.

ಚಾಚಿ ಹಾಲು ಕುಡಿಸಿ ಹೋದ ಮೇಲೆ, ಅಕ್ಕ ನೀರಿಗೆಂದು ಬಾವಿಗೆ ಹೋದಾಗ ನನಗೆ ಒಂದು ಉಪಾಯ ಹೊಳೆಯಿತು. ಹಿತ್ತಲಿನಲ್ಲಿ ಜಾಲಿಯ ಮುಳ್ಳುಗಳಿದ್ದವು. ಒಂದನ್ನು ಮುರಿದು ತಂದೆ. ಮುಳ್ಳಿನ ತುದಿಯನ್ನು ಹೊಲಿಗೆಯ ಕೆಳಗೆ ತೂರಿಸಿ ಎತ್ತಿದರೆ ದಾರ ಸಲೀಸಾಗಿ ಮೇಲೆ ಬರುತ್ತಿತ್ತು. ಬಿಚ್ಚುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಕೊಡ ಇಳಿಸುವಷ್ಟರಲ್ಲಿ ಒಂದು ಸುತ್ತು ಹೋಗಿತ್ತು. ಅಕ್ಕ ರೊಟ್ಟಿ ತಿನ್ನಲು ಎದ್ದಾಗ ಇನ್ನೊಂದು.

ಅಕ್ಕ ಬಂದು ಕುಳಿತು, ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು.

“ಆಯೀ, ನಾ ಏಳ ಸುತ್ತ ಹಾಕಿದ್ದೆ. ಐದ ಅದಾವಲ್ಲ?”

“ನಿನ್ನ ಲಕ್ಷ್ಯ ಎಲ್ಲಿತ್ತು?” ಎಂದು ಆಯಿ ಒಳಗಿಂದಲೇ ಅಂದಳು. “ನಿಮ್ಮವ್ವ ಇಷ್ಟೊತ್ತಿಗೆ ದೊಡ್ಡ ಕೌದೀನ ಮುಗಸ್ತಿದ್ದಳು. ಬ್ಯಾಸಗಿಗೆ ಅತ್ತೀ ಮನಿಗೆ ಹೋಗಾಕಿ, ಐದಕ್ಕ ಏಳಕ್ಕ ಫರಕ ಗೊತ್ತಾಗವಲ್ದು ನಿನಗ.”

ಅಕ್ಕ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡಳು, ಎಣಿಕೆಯೇ ಮರೆತುಹೋಯಿತೇನೋ ಎಂಬಂತೆ. ಆಕೆಯ ಕಣ್ಣಿನಿಂದ ಒಂದು ಹನಿ ಇಳಕಲ್ ಸೀರೆಯ ಅಂಚಿನ ಮೇಲೆ ಬಿತ್ತು. ಅದು ಬಿದ್ದದ್ದನ್ನು ನಾನು ನೋಡಿದೆ. ಆದರೂ ಮುಳ್ಳನ್ನು ಬಿಸಾಡಲಿಲ್ಲ. ಹದಿನೈದು ದಿನ ಎಂಬ ಮಾತು ಕಿವಿಯಲ್ಲಿತ್ತು. ಹದಿನೈದು ದಿನ ಆದ ಮೇಲೆ ಏನೆಂದು ನಾನು ಯೋಚಿಸಿರಲಿಲ್ಲ. ಏಳು ವರ್ಷದವರಿಗೆ ಹದಿನೈದು ದಿನವೆಂದರೆ ಮುಗಿಯುವುದೇ ಇಲ್ಲ.

ಮೂರನೆಯ ಸಲ ಎದ್ದಾಗ ಅಕ್ಕ ಮತ್ತೆ ಕೊಡ ತೆಗೆದುಕೊಂಡಳು. ತಲೆಯ ಮೇಲಿಡುವ ಸಿಂಬಿ ಮರೆತಿದ್ದಳು. ಅದಕ್ಕೆಂದು ತಿರುಗಿ ಬಂದವಳು ನನ್ನ ಕೈಯಲ್ಲಿನ ಮುಳ್ಳನ್ನೂ ಎಳೆದ ದಾರವನ್ನೂ ನೋಡಿದಳು. ಆಕೆಯ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಪೆಟ್ಟು ಬೀಳಲಿಲ್ಲ.

“ಯಾಕ ಬಿಚ್ಚಾಕತ್ತಿ?” ಎಂದು ಮೆಲ್ಲಗೆ ಕೇಳಿದಳು.

“ಕೂಸು ಹೋಗಬಾರದು.”

“ನೀ ಬಿಚ್ಚಕೋತ ಹೋಗತಿ, ನಾ ಹೊಲಕೋತ ಹೋಗತೀನಿ. ಎಷ್ಟ ದಿನ?”

“ದೊಡ್ಡಾಕಿ ಆಗೂತನಕ.”

“ಯಾರು?”

“ಕೂಸು.”

ಅಕ್ಕ ಕೊಡ ಕೆಳಗಿಟ್ಟು ನನ್ನ ಹತ್ತಿರ ಕುಳಿತಳು. ಆಕೆಯೂ ಚಿಕ್ಕವಳೇ ಎಂದು ಈಗ ಅನಿಸುತ್ತದೆ. ನಿಮ್ಮಲ್ಲಿ ದೊಡ್ಡವಳಿಗೆ ಈಗ ಅದೇ ವಯಸ್ಸು.

“ಕೂಸು ಹೋಗೂದು ಹೋಗತೈತಿ. ಅಪ್ಪ ಮಾತ ಕೊಟ್ಟಾನ. ಥಂಡಿಯೊಳಗ ಬರೇ ಮೈಲೆ ಹೋಗಲೇನು?”

“ಚಿಗವ್ವನ ಮನ್ಯಾಗ ಕೌದಿ ಇಲ್ಲೇನು?”

“ಹತ್ತ ಅದಾವು. ಅವ್ವನ ಸೀರೀದು ಒಂದೂ ಇಲ್ಲ.”

ನಾನು ಮುಳ್ಳನ್ನು ನೆಲಕ್ಕೆ ಬಿಟ್ಟೆ. ಅಕ್ಕ ಸೂಜಿಗೆ ದಾರ ಪೋಣಿಸಿ ನನ್ನ ಬೆರಳುಗಳ ನಡುವೆ ಇಟ್ಟಳು. “ನೀ ಬಿಚ್ಚಿದ್ದನ್ನ ನೀನ ಹೊಲಿ,” ಎಂದಳು. ಹಿಂದಿನಿಂದ ಅಪ್ಪಿ ಹಿಡಿದು, ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಹತ್ತು ಹೊಲಿಗೆ ಹಾಕಿಸಿದಳು. ಆಮೇಲೆ ಕೈ ತೆಗೆದಳು. ಅವಳ ಹೊಲಿಗೆ ಇರುವೆ ಸಾಲಿನ ಹಾಗೆ. ನನ್ನದು ಹಾದಿ ತಪ್ಪಿದ ದನಗಳ ಹಾಗೆ ಒಂದು ಅತ್ತ, ಒಂದು ಇತ್ತ. ಎರಡು ಸಲ ಸೂಜಿ ಚುಚ್ಚಿತು. ಬೆರಳು ಬಾಯಿಗಿಟ್ಟು ಚೀಪಿ ಮತ್ತೆ ಹೊಲಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ನಾನು ತಡೆದಿಟ್ಟಿದ್ದ ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ದುಃಖ ಹೋಗಿರಲಿಲ್ಲ. ಕೈಗೆ ಕೆಲಸ ಸಿಕ್ಕಿತ್ತು, ಅಷ್ಟೇ. ಮುಂದೆ ಜೀವನದಲ್ಲಿ ನನಗೆ ಎಷ್ಟೋ ಸಲ ಅಷ್ಟೇ ಸಾಕಾಯಿತು.

ನಡುವೆ ಒಂದು ಕಡೆ ತೇಪೆ ಹಾಕುವುದು ಬಾಕಿ ಇತ್ತು. ಕೌದಿಗೆ ಚೌಕ, ಮೂರು ಮೂಲೆಯ ತುಂಡುಗಳನ್ನು ಹಚ್ಚುವುದು ರೂಢಿ. “ಇಲ್ಲಿ ನಿನ್ನ ಮನಸ್ಸಿಗೆ ಬಂದದ್ದು ಹಚ್ಚು,” ಎಂದಳು ಅಕ್ಕ. ಅಂಥ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮ ಸಾಲಿಯಲ್ಲಿ ಮಾಸ್ತರರ ಮುಂದಾಗಲಿ ಮನೆಯಲ್ಲಾಗಲಿ, ಹೇಳಿದಷ್ಟು ಮಾಡುವುದೇ ಕಲಿಯುವುದು. ಚಾಚಿ ತಂದ ನೇರಳೆ ಬಣ್ಣದ ಮಖಮಲ್ಲನ್ನು ತೆಗೆದುಕೊಂಡು ಒಂದು ಗುಬ್ಬಿ ಕತ್ತರಿಸಿದೆ. ನಮ್ಮ ಮಾಳಿಗೆಯ ಜಂತೆಯಲ್ಲಿ ಗುಬ್ಬಿ ಇದ್ದವು. ಕೂಸು ತೊಟ್ಟಿಲಲ್ಲಿ ಮಲಗಿ ಅವನ್ನೇ ನೋಡುತ್ತಿತ್ತು. ಉಪ್ಪಿನಬೆಟಗೇರಿಯಲ್ಲಿ ಗುಬ್ಬಿ ಇರುತ್ತವೋ ಇಲ್ಲವೋ ನನಗೆ ಆಗ ತಿಳಿದಿರಲಿಲ್ಲ.

ಹೊಲಿದು ಮುಗಿಸಿದ ಮೇಲೆ ಆಯಿ ಬಂದು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕಣ್ಣು ಕಾಣದ ಕಾರಣ ಬೆರಳಿನಿಂದಲೇ ಹೊಲಿಗೆ ನೋಡುತ್ತಿದ್ದಳು. ನನ್ನ ಸುತ್ತಿನ ಮೇಲೆ ಬೆರಳು ಬಂದು ನಿಂತಿತು.

“ಇದು ನಿನ್ನ ಕೈ ಅಲ್ಲ. ಯಾರದು?”

“ಸಣ್ಣಾಕಿದು,” ಎಂದಳು ಅಕ್ಕ. ಬಿಚ್ಚಿದ ವಿಷಯ ಹೇಳಲಿಲ್ಲ. ಆ ಬೈಗುಳ ತನ್ನ ಲೆಕ್ಕಕ್ಕೇ ಇರಲಿ ಎಂದು ಬಿಟ್ಟಳು. ಸಾಯುವವರೆಗೂ ಹೇಳಲಿಲ್ಲ.

ಆಯಿಯ ಬೆರಳು ಮುಂದೆ ಹೋಗಿ ಗುಬ್ಬಿಯ ಸುತ್ತ ಒಂದು ಸಲ, ಎರಡು ಸಲ ತಿರುಗಿತು. “ಕೂಸಿನ ಕೌದಿಗೆ ಬದನಿಕಾಯಿ ಯಾಕ ಹಚ್ಚೀರಿ?” ಎಂದು ಕೇಳಿದಳು.

ಕಟ್ಟೆಯ ಮೇಲಿನಿಂದ ಒಂದು ಸದ್ದು ಬಂತು. ಏನೆಂದು ನೋಡಿದರೆ ಅಪ್ಪ ನಗುತ್ತಿದ್ದ. ಮೂರು ತಿಂಗಳಲ್ಲಿ ಮೊದಲ ಸಲ. ನಗು ಬಂದಷ್ಟೇ ಬೇಗ ಹೋಯಿತು, ಅವನು ರುಮಾಲಿನಿಂದ ಮುಖ ಒರೆಸಿಕೊಂಡ. ಆದರೂ ಬಂದಿತ್ತು. ಆ ದಿನದ ಒಳ್ಳೆಯದನ್ನು ಆರಿಸು ಎಂದರೆ ನಾನು ಇವತ್ತಿಗೂ ಮೊದಲು ಅದನ್ನೇ ಆರಿಸುತ್ತೇನೆ.

ಆಯಿ ಕೌದಿಯ ಹೊಟ್ಟೆಗೆ ಒಣ ರೊಟ್ಟಿಯ ಚೂರು, ಜೋಳದ ಕಾಳು ಇಟ್ಟಳು. ಅಪ್ಪ ಚಿಟಿಕೆ ವಿಭೂತಿ ಹಾಕಿದ. ಅಕ್ಕ ನನ್ನ ಮುಖ ನೋಡಿದಳು. ಸ್ವಲ್ಪ ತಡಿ ಎಂದೆ. ತಡೆದಳು. ಕಾಕಾ ಎತ್ತು ಹೂಡಿದ ಸದ್ದು ಕೇಳಿತು. ಅಕ್ಕ ಹೊಟ್ಟೆ ಮುಚ್ಚಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿದಳು.

ಆಮೇಲೆ ದೇವರ ಮುಂದೆ ಮಣೆ ಹಾಕಿ ಚಿಗವ್ವನನ್ನು ಕೂಡಿಸಿದರು. ಆಕೆ ಸೆರಗನ್ನು ಒಡ್ಡಿದಳು. ಹೆಣ್ಣುಮಕ್ಕಳ ಉಡಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಹಾಕುವುದನ್ನು ನೀವೂ ನೋಡಿದ್ದೀರಿ. ಆ ದಿನ ಅಪ್ಪ ಆಕೆಯ ಉಡಿಯಲ್ಲಿ ಕೌದಿ ಸುತ್ತಿದ ಕೂಸನ್ನು ಹಾಕಿದ.

“ಇನ್ನ ಈಕಿ ನಿನ್ನ ಮಗಳವಾ,” ಎಂದ. “ನಾವು ಯಾರೂ ಕೇಳಾಕ ಬರಂಗಿಲ್ಲ. ಈಕಿಗೂ ಹೇಳಂಗಿಲ್ಲ. ಶಿವನ ಮುಂದ ನಿಂತ ಅಂದೇನಿ.” ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, “ತಿಳೀತೇನವಾ?” ಎಂದ.

ಅಕ್ಕ ತಲೆಯಾಡಿಸಿದಳು. ಅವಳನ್ನು ನೋಡಿ ನಾನೂ ಆಡಿಸಿದೆ. ಚಿಗವ್ವ ಕೂಸಿನ ಮೇಲೆ ಬಾಗಿ ಅಳುತ್ತಿದ್ದಳು. ಆಕೆಯದು ಸಂತೋಷವೋ, ಸತ್ತ ಅಕ್ಕನ ದುಃಖವೋ, ಎರಡೂ ಇದ್ದೀತು.

ಚಕ್ಕಡಿ ಓಣಿಯ ತಿರುವಿನಲ್ಲಿ ಹೋಗುವಾಗ ಕೂಸು ಅತ್ತಿತು. ಚಾಚಿ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಅಳು ಕೇಳಿದ್ದೇ ಆಕೆಯ ಕುಪ್ಪಸ ಹಾಲಿನಿಂದ ತೊಯ್ದಿತು. ಆಕೆ ಎರಡೂ ಕೈ ಎದೆಗೆ ಅವಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬೇಸಿಗೆಯಲ್ಲಿ ಅಕ್ಕನೂ ಗಂಡನ ಮನೆಗೆ ಹೋದಳು. ಉಳಿದ ಚಿಂದಿಗಳ ಗಂಟನ್ನು ನನಗೆ ಕೊಟ್ಟು ಹೋದಳು. ಖಾಲಿ ತೊಟ್ಟಿಲಿನ ಹತ್ತಿರ ಕುಳಿತು ನಾನು ಅವನ್ನು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಆಯಿ ಬೆರಳಿನಿಂದ ನೋಡಿ, ಇಲ್ಲಿ ತಪ್ಪಿದೆ, ಇಲ್ಲಿ ಛಲೋ ಬಂತು ಎನ್ನುತ್ತಿದ್ದಳು. ನನಗೆ ಹೊಲಿಗೆ ಬಂದದ್ದು ಹೀಗೆ.

ಕೂಸನ್ನು ನಾನು ಮತ್ತೆ ನೋಡಿದ್ದು ಒಂಬತ್ತು ವರ್ಷದ ಮೇಲೆ. ನನ್ನ ಮದುವೆ ಗೊತ್ತಾಗಿ, ಚಿಗವ್ವನಿಗೆ ಹೇಳಲು ಅಪ್ಪನ ಜೊತೆ ಉಪ್ಪಿನಬೆಟಗೇರಿಗೆ ಹೋಗಿದ್ದೆ. ಅಷ್ಟು ವರ್ಷ ಅಪ್ಪ ಬೇಕೆಂತಲೇ ನಮ್ಮನ್ನು ಆ ಕಡೆ ಕರೆದೊಯ್ದಿರಲಿಲ್ಲ. ಎರಡು ಜಡೆ ಹಾಕಿದ ಹುಡುಗಿ ತಂಬಿಗೆಯಲ್ಲಿ ನೀರು ತಂದಳು. ಹುಬ್ಬು ಅವ್ವನದೇ. ನನ್ನ ಮುಂದೆ ನಿಂತು, ಕಣ್ಣು ಕೆಳಗೆ ಮಾಡಿ ಹೇಳಿದಳು:

“ನೀರ ತಗೋರಿ, ಅಕ್ಕಾರ. ಕುಂಡ್ರರಿ. ಅವ್ವ ಈಗ ಬರತಾಳ.”

ನಮ್ಮ ಕಡೆ ಒಡಹುಟ್ಟಿದವರ ನಡುವೆ ಆ ‘ರಿ’ ಇರುವುದಿಲ್ಲ. ಅದು ಹೊರಗಿನಿಂದ ಬಂದವರಿಗೆ ಕೊಡುವ ಮರ್ಯಾದೆ. ಅಡುಗೆಮನೆಯ ಬಾಗಿಲಲ್ಲಿ ಚಿಗವ್ವ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಎಲ್ಲಿ ಬಾಯಿಬಿಡುತ್ತೇನೋ ಎಂಬ ಭಯ ಅವಳ ಮುಖದ ಮೇಲಿತ್ತು. ನಾನು ನೀರು ಕುಡಿದೆ. ತಂಬಿಗೆ ಕೆಳಗಿಟ್ಟು, “ಮಗಳಿಗೆ ಎಷ್ಟ ಛಲೋ ನಡತಿ ಕಲಿಸೀಯಲ್ಲ ಚಿಗವ್ವಾ,” ಎಂದೆ. ಚಿಗವ್ವನ ಕಣ್ಣು ತುಂಬಿದವು. ಅಪ್ಪ ಎತ್ತುಗಳನ್ನು ನೋಡುವ ನೆಪದಲ್ಲಿ ಹೊರಗೆ ಹೋದ.

ಆ ಹುಡುಗಿಯೇ ನಮ್ಮ ಮನೆಗೆ ಹಬ್ಬಕ್ಕೆ ಬರುತ್ತಿದ್ದ ಬೆಟಗೇರಿ ಅಜ್ಜಿ. ನಿಮಗೆ ಬೆಲ್ಲದ ಉಂಡಿ ತಂದುಕೊಡುತ್ತಿದ್ದವಳು. ನನ್ನ ಚಿಗವ್ವನ ಮಗಳು ಎಂದೇ ನೀವು ತಿಳಿದಿದ್ದಿರಿ, ಆಕೆಯೂ ಹಾಗೆಯೇ ತಿಳಿದಿದ್ದಳು. ಕಡೆಯವರೆಗೂ ನನಗೆ ಬರ್ರಿ, ಕುಂಡ್ರರಿ ಎಂದೇ ಅಂದಳು. ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ಅಪ್ಪ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಶಿವ ಆಕೆಗೆ ಹೊಟ್ಟೆ ತುಂಬ ಅನ್ನ, ಮನೆ ತುಂಬ ಮಕ್ಕಳು ಕೊಟ್ಟಿದ್ದ. ಒಂದು ದಿನವೂ ಆಕೆ ತಾಯಿಯಿಲ್ಲದವಳು ಎನಿಸಿಕೊಳ್ಳಲಿಲ್ಲ. ಅದನ್ನು ನಾನು ಕಡಿಮೆ ಎನ್ನಲಾರೆ.

ಈಗ ನಾವಿರುವ ನವನಗರದ ಈ ಮನೆ ಆಗ ಯಾರದೋ ಜೋಳದ ಹೊಲ. ನಿಮ್ಮ ಹೊದಿಕೆಗಳು ಅಂಗಡಿಯಿಂದ ಬರುತ್ತವೆ, ನಾಲ್ಕು ವರ್ಷಕ್ಕೆ ಹಳೆಯದಾಗುತ್ತವೆ. ನಿಮ್ಮ ಸಾಲಿಯಲ್ಲಿ ಮನಸ್ಸಿಗೆ ಬಂದದ್ದು ಮಾಡಿ ಎಂದು ಬಣ್ಣ, ಕಾಗದ, ಕತ್ತರಿ ಕೊಡುತ್ತಾರಂತೆ. ಬಹಳ ಛಲೋ ಆಯಿತು. ನಮಗೆ ಆ ಮಾತು ಕೇಳಲು ಅವ್ವನ ಸೀರೆ ಕತ್ತರಿಸುವ ದಿನ ಬರಬೇಕಾಯಿತು.

ಮೊನ್ನೆ ನೀವಿಬ್ಬರೂ ಒಂದೇ ಕುರ್ಚಿಗಾಗಿ ಜಗಳಾಡುತ್ತಿದ್ದಿರಿ. ಚಿಕ್ಕವಳು ದೊಡ್ಡವಳಿಗೆ, “ಏ ಹುಚ್ಚಿ, ಸರಿ ಆ ಕಡೆ, ನಾ ಕುಂಡ್ರತೀನಿ,” ಎಂದಳು. ನಿಮ್ಮ ತಾಯಿ ಒಳಗಿಂದ, “ಅಕ್ಕಗ ಹಂಗ ಅಂತಾರೇನು? ಸರೀರಿ, ಕುಂಡ್ರರಿ ಅನ್ನೂದ ಕಲಿ,” ಎಂದು ಬೈದಳು. ಅವಳು ಬೈದದ್ದು ತಪ್ಪಲ್ಲ. ನಾನು ಸೋಸುತ್ತಿದ್ದ ಮೆಂತೆಸೊಪ್ಪನ್ನು ಬಿಟ್ಟು ಎದ್ದು ಹೋಗಿ ನಿಮ್ಮ ತಾಯಿಯ ಕೈ ಹಿಡಿದೆ.

“ಬ್ಯಾಡವಾ,” ಎಂದೆ. “ಆಕಿ ಹಂಗ ಅನ್ನಲಿ.”